ಉಳಿದ ಅರಿವೆ ತುಂಡಿನಿಂದ ಕೂಸಿನ ಕೌದಿ

ಪ್ರಶ್ನೆ: ಕುಪ್ಪಸ ಹೊಲಿದು ಉಳಿದ ಗುಳೇದಗುಡ್ಡದ ಖಣ, ಇಳಕಲ್ ಸೀರೆಯ ತುಂಡು, ಹತ್ತಿಯ ಚೂರು ಚೀಲದ ತುಂಬ ಇವೆ. ಕೂಸಿಗೊಂದು ಕೌದಿ ಆದೀತೇ? ಅಳತೆ ಹೇಗೆ?
– ಓದುಗರು, ಬಾಗಲಕೋಟೆ

ಉತ್ತರ: ಧಾರಾಳವಾಗಿ ಆಗುತ್ತದೆ. 5 ಇಂಚಿನ ಚೌಕಗಳನ್ನು ಕತ್ತರಿಸಿಕೊಳ್ಳಿ. ಅಡ್ಡಕ್ಕೆ 7, ಉದ್ದಕ್ಕೆ 9, ಒಟ್ಟು 63 ಬೇಕು. ಜೋಡಿಸುವಾಗ ಕಾಲು ಇಂಚು ಒಳಗೆ ಹೊಲಿದರೆ ಮೇಲಿನ ಪದರ 32×41 ಇಂಚು ಬರುತ್ತದೆ. ನೂಲಿನ ಗುಂಟ ನೇರವಾಗಿಯೇ ಕತ್ತರಿಸಿ; ಓರೆಯಾಗಿ ಕತ್ತರಿಸಿದ ತುಂಡು ಹಿಗ್ಗಿ, ಮೂಲೆಗೆ ಮೂಲೆ ಕೂಡುವುದಿಲ್ಲ.

ಖಣದ ಅಂಚು ಬೇಗ ಎಳೆ ಬಿಡುತ್ತದೆ, ಕಾಲು ಇಂಚಿನ ಹೊಲಿಗೆ ಎರಡು ಸಲ ಒಗೆಯುವುದರೊಳಗೆ ಬಾಯಿ ಬಿಟ್ಟೀತು. ಅದಕ್ಕೇ ಪ್ರತಿ ಖಣದ ತುಂಡಿನ ಹಿಂದೆ ಹಳೆಯ ತೆಳು ಧೋತರದ ಚೂರಿಟ್ಟು, ಅಂಚಿನ ಸುತ್ತ ಮಷಿನ್ ಹೊಲಿಗೆ ಹಾಕಿ ಆಮೇಲೆ ಜೋಡಿಸಿ. ಜರಿ ಇರುವ ತುಂಡು ಎಷ್ಟೇ ಚೆಂದವಿದ್ದರೂ ಬೇಡ, ಎಳೆಗೂಸಿನ ಮೈಗೆ ಕೆರೆಯುತ್ತದೆ.

ಒಳಗೆ ಹಳೆಯ ಹತ್ತಿ ಸೀರೆಯ ಎರಡು ಪದರ, ಕೆಳಗೆ 36×45 ಇಂಚಿನ ಹತ್ತಿ ಬಟ್ಟೆ. ಎಲ್ಲವನ್ನೂ ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ನಾಲ್ಕು ನಾಲ್ಕು ಇಂಚಿಗೆ ಕಚ್ಚಾ ಹೊಲಿಗೆ ಹಾಕಿ. ನಂತರ ಗಟ್ಟಿ ಹತ್ತಿ ದಾರದಿಂದ ಅರ್ಧ ಇಂಚಿಗೊಂದು ಕೈಹೊಲಿಗೆಯ ಸಾಲು. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಗಂಟು ಬೀಳುತ್ತದೆ. ಕೊನೆಗೆ ಕೆಳಗಿನ ಬಟ್ಟೆಯನ್ನು ಸುತ್ತಲೂ ಒಂದಿಂಚು ಉಳಿಸಿ ಕತ್ತರಿಸಿ, ಎರಡು ಮಡಿಕೆ ಮಾಡಿ ಮೇಲಕ್ಕೆ ತಿರುವಿ ಹೊಲಿದರೆ ಅಂಚು ಸಿದ್ಧ. ಒಂದು ವರ್ಷದೊಳಗಿನ ಕೂಸು ಮಲಗಿದಾಗ ಇದನ್ನು ಹೊದಿಸಬೇಡಿ. ನೆಲಕ್ಕೆ ಹಾಸಿ ಆಡಲು ಬಿಡಿ.

ಪ್ರಶ್ನೆ: ಹೊಲಿದ ಕೌದಿಯ ನಡುವೆ ಬಟ್ಟೆ ಉಬ್ಬಿ ನಿಂತಿದೆ. ಏಕೆ?
– ಓದುಗರು, ಬೆಳಗಾವಿ

ಉತ್ತರ: ನಾಲ್ಕೂ ಅಂಚು ಮೊದಲು ಹೊಲಿದಿರಬೇಕು. ಸಡಿಲ ಬಟ್ಟೆಗೆ ಹೊರಗೆ ಹೋಗಲು ದಾರಿಯಿಲ್ಲದೆ ನಡುವೆ ಕೂಡಿಕೊಳ್ಳುತ್ತದೆ. ನಡುವಿನಿಂದ ಹೊರಕ್ಕೆ ಹೊಲಿಯಿರಿ. ಈಗಿನದನ್ನು ಸರಿಪಡಿಸಲು ಒಂದು ಬದಿಯ ಅಂಚು ಮತ್ತು ಉಬ್ಬಿನಿಂದ ಅಲ್ಲಿಯವರೆಗಿನ ಸಾಲುಗಳನ್ನು ಬಿಚ್ಚಿ, ಅಂಗೈಯಿಂದ ಸವರಿ ಹೊರತಂದು ಮತ್ತೆ ಹೊಲಿಯಿರಿ.

ಪ್ರಶ್ನೆ: ಮೊದಲ ಒಗೆತಕ್ಕೇ ಕೆಂಪು ತುಂಡಿನ ಬಣ್ಣ ಬಿಳಿಗೆ ಹತ್ತಿತು. ಉಪ್ಪುನೀರಲ್ಲಿ ನೆನೆಸಿದ್ದೆನಲ್ಲ?
– ಓದುಗರು, ವಿಜಯಪುರ

ಉತ್ತರ: ಅಂಗಡಿಯಿಂದ ತಂದ ಬಟ್ಟೆಯ ಬಣ್ಣವನ್ನು ಉಪ್ಪು ಹಿಡಿದಿಡುವುದಿಲ್ಲ. ಹೆಚ್ಚುವರಿ ಬಣ್ಣ ನೀರಿನಲ್ಲಿ ಹೊರಗೇ ಹೋಗಬೇಕು. ಕತ್ತರಿಸುವ ಮೊದಲೇ ಪ್ರತಿ ಕಡುಬಣ್ಣದ ಅರಿವೆಯನ್ನು ಬೇರೆ ಬೇರೆ ಒಗೆಯಿರಿ: ಹತ್ತಿಯಾದರೆ ಬಿಸಿನೀರು, ಖಣಕ್ಕೂ ಇಳಕಲ್ ಸೆರಗಿಗೂ ತಣ್ಣೀರು. ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ಚಿಂದಿಗೆ ಬಣ್ಣ ಹತ್ತುತ್ತಿದ್ದರೆ ಮತ್ತೆ ಒಗೆಯಬೇಕು. ಆಗಲೂ ನಿಲ್ಲದಿದ್ದರೆ ಆ ತುಂಡು ಬಿಟ್ಟುಬಿಡಿ. ಬಣ್ಣ ಹತ್ತಿದ ಕೌದಿ ಇನ್ನೂ ಹಸಿಯಿದ್ದರೆ ಒಣಗಿಸಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಸಾಬೂನಿನ ತಣ್ಣೀರನ್ನು ಬದಲಿಸುತ್ತ, ನೀರು ತಿಳಿಯಾಗುವವರೆಗೆ ನೆನೆಸಿ.