ಪಾಚಿ ಬಂತೆಂದು ಗೊಬ್ಬರ ನಿಲ್ಲಿಸಬೇಡಿ

ನಿಮ್ಮ ಮೀನಿನ ತೊಟ್ಟಿಯಲ್ಲಿ ದಿನಕ್ಕೆ 10 ಗಂಟೆ ಲೈಟ್ ಉರಿಸಿದರೂ ನೀರಲ್ಲಿ ಬೆಳೆಯುವ ಗಿಡವಾದ ಜಾವಾ ಫರ್ನ್‌ನ ಹಳೇ ಎಲೆಗಳಲ್ಲಿ ತೂತು, ಗಾಜಿನ ತುಂಬಾ ಪಾಚಿ, ಅದಕ್ಕೇ ಗೊಬ್ಬರ ನಿಲ್ಲಿಸಿದೆ ಅಂದಿದ್ದೀರಿ. ದಯವಿಟ್ಟು ಗೊಬ್ಬರ ಮತ್ತೆ ಶುರು ಮಾಡಿ, ಲೈಟ್ ಇಳಿಸಿ. ಬೆಳಕು ಹೆಚ್ಚಿದಷ್ಟೂ ಗಿಡದ ಹಸಿವು ಹೆಚ್ಚುತ್ತದೆ. ಕಾರ್ಬನ್ ಡೈಆಕ್ಸೈಡ್, ನೈಟ್ರೇಟ್, ಪೊಟ್ಯಾಷಿಯಂ ಎಲ್ಲವೂ ಜಾಸ್ತಿ ಬೇಕು. ಸಿಗದಿದ್ದರೆ ಗಿಡ ಸೊರಗುತ್ತದೆ, ಮಿಕ್ಕ ಬೆಳಕು ಪಾಚಿಗೆ ಹೋಗುತ್ತದೆ. ಹಳೇ ಎಲೆಯಲ್ಲಿ ತೂತು ಅಂದರೆ ಹೆಚ್ಚಾಗಿ ಪೊಟ್ಯಾಷಿಯಂ ಕೊರತೆ. ಹೊಸ ಚಿಗುರು ಬಿಳಿಚಿದ್ದರೆ ಕಬ್ಬಿಣದ್ದು ಅನ್ನಬಹುದಿತ್ತು.

ಟೈಮರ್ ಹಾಕಿ ಲೈಟನ್ನು ದಿನಕ್ಕೆ 6 ಗಂಟೆಗೆ ಇಳಿಸಿ. ಜಾವಾ ಫರ್ನ್ ನೆರಳಲ್ಲೂ ಬೆಳೆಯುವ ಗಿಡ ಅಲ್ವಾ, ಅಷ್ಟು ಸಾಕು. ಅದರ ಬೇರುಕಾಂಡವನ್ನು (ಎಲೆ, ಬೇರು ಹುಟ್ಟುವ ದಪ್ಪ ಅಡ್ಡಕಾಂಡ) ಮರಳಲ್ಲಿ ಹೂತಿದ್ದರೆ ಮೇಲೆತ್ತಿ, ಕೊಳೆಯುತ್ತದೆ. ಗೊಬ್ಬರ ಅರ್ಧ ಡೋಸ್‌ನಿಂದ ಶುರುವಾಗಲಿ, ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿ. ತೂತಾದ ಎಲೆ ಮತ್ತೆ ಕೂಡಿಕೊಳ್ಳುವುದಿಲ್ಲ. ಮೂರು ವಾರ ಬಿಟ್ಟು ಹೊಸ ಎಲೆ ಹೇಗಿದೆ ತಿಳಿಸಿ.