ಕರಡಿಗೆ ಹೆದರುವ ಪ್ರವಾಸಿಗರನ್ನು ಗುಡ್ಡಕ್ಕೆ ಕರೆದೊಯ್ಯುವ ಬಗೆ

ಮಿತ್ರರೇ, ಹಂಪಿಯ ಹತ್ತಿರದ ಕಮಲಾಪುರದ ಸುತ್ತ ಹೊಸದಾಗಿ ಗೈಡ್ ಕೆಲಸ ಆರಂಭಿಸಿರುವ ನೀವು, ದರೋಜಿ ಕರಡಿಧಾಮದ ಕರಡಿ ನೋಡಲೆಂದೇ ಬಂದವರು ಮರುದಿನ ಬಂಡೆಗುಡ್ಡದ ಕಾಲುದಾರಿಯಲ್ಲಿ ನಡೆಯುವಾಗ ಹೆದರಿ ಹಿಂಜರಿಯುತ್ತಾರೆ, ಅವರಿಗೆ ಧೈರ್ಯ ತುಂಬುವುದು ಹೇಗೆ ಎಂದು ಕೇಳಿದ್ದೀರಿ. ಅವರ ಹೆದರಿಕೆಯನ್ನು ಹೋಗಲಾಡಿಸಲು ನೀವು ಶ್ರಮಪಡಬೇಕಾಗಿಲ್ಲ. ಹೆದರಿದವರು ಉಸಿರು ಬಿಗಿಹಿಡಿದು, ಸದ್ದಿಲ್ಲದೆ ನಡೆಯುತ್ತಾರೆ. ಕರಡಿ ಇರುವ ಜಾಗದಲ್ಲಿ ನಿಜವಾದ ಅಪಾಯವಿರುವುದು ಆ ಮೌನದಲ್ಲಿ. ಅವರು ಮಾತನಾಡುತ್ತ ನಡೆಯುವಂತೆ ನೋಡಿಕೊಳ್ಳುವುದೇ ನಿಮ್ಮ ಮೊದಲ ಕೆಲಸ.

ಇದರ ಕಾರಣವನ್ನು ಹೊರಡುವ ಮುನ್ನವೇ ಅವರಿಗೆ ಬಿಡಿಸಿ ಹೇಳಿ. ನಮ್ಮ ಕರಡಿ ಗೆದ್ದಲು, ಇರುವೆ, ಜೇನು, ಬಾರೆ, ಕಕ್ಕೆಗಳನ್ನು ತಿಂದು ಬದುಕುವ ಪ್ರಾಣಿ. ಮನುಷ್ಯನನ್ನು ಆಹಾರಕ್ಕಾಗಿ ಹುಡುಕಿಕೊಂಡು ಬರುವುದಿಲ್ಲ. ಅದರ ಮೂಗು ಬಹಳ ಚುರುಕು, ಆದರೆ ಕಣ್ಣು ಮಂದ. ಹುತ್ತಕ್ಕೆ ಮೂತಿಯಿಟ್ಟು ಮಣ್ಣನ್ನು ಊದಿ ಗೆದ್ದಲನ್ನು ಹೀರುವಾಗ ಅದು ಮಾಡುವ ಸದ್ದು 100 ಮೀಟರಿಗೂ ಆಚೆಗೆ ಕೇಳಿಸುತ್ತದೆ, ಆ ಗದ್ದಲದಲ್ಲಿ ನಮ್ಮ ಹೆಜ್ಜೆಯ ಸಪ್ಪಳ ಅದಕ್ಕೆ ತಿಳಿಯುವುದಿಲ್ಲ. ಬಂಡೆಯ ತಿರುವಿನಲ್ಲಿ ಮನುಷ್ಯ ಹಠಾತ್ತನೆ ಎದುರಾದಾಗ ಓಡಲು ಪುರಸೊತ್ತು ಸಿಗದ ಕರಡಿ ಮೇಲೆ ಬೀಳುತ್ತದೆ. ಹೆಚ್ಚಿನ ದಾಳಿಗಳು ಹೀಗೆಯೇ ಆಗುತ್ತವೆ. ದೂರದಿಂದಲೇ ಮನುಷ್ಯರ ಮಾತು ಕೇಳಿಸಿದರೆ ಅದು ಸಾಮಾನ್ಯವಾಗಿ ತಾನಾಗಿ ದೂರ ಸರಿಯುತ್ತದೆ.

ಮೊದಲ ದಿನ ಮಧ್ಯಾಹ್ನ ಅವರನ್ನು ದರೋಜಿಯ ವೀಕ್ಷಣಾ ಗೋಪುರಕ್ಕೆ ಕರೆದುಕೊಂಡು ಹೋಗುವುದು ಒಳ್ಳೆಯದು. 1994ರಲ್ಲಿ ಘೋಷಣೆಯಾದ ಈ ಕರಡಿಧಾಮದಲ್ಲಿ, ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಸಿಬ್ಬಂದಿ ಸಿಹಿ ಬಳಿದು ಹೋದ ಮೇಲೆ ಕರಡಿಗಳು ಇಳಿದು ಬರುತ್ತವೆ. ಬೆನ್ನ ಮೇಲೆ ಮರಿಗಳನ್ನು ಹೊತ್ತ ತಾಯಿಯನ್ನು ಬೈನಾಕ್ಯುಲರಿನಲ್ಲಿ ಕಂಡವರಿಗೆ, ಮರಿಯಿರುವ ತಾಯಿಯಿಂದ ಏಕೆ ದೂರವಿರಬೇಕೆಂದು ಮತ್ತೆ ವಿವರಿಸಬೇಕಾಗುವುದಿಲ್ಲ. ಗೋಪುರದಲ್ಲಿ ಮೌನ ಬೇಕು, ಕಾಲುದಾರಿಯಲ್ಲಿ ಮಾತು ಬೇಕು. ಈ ವ್ಯತ್ಯಾಸವನ್ನು ಅಲ್ಲಿಯೇ ಸ್ಪಷ್ಟಪಡಿಸಿ, ಏಕೆಂದರೆ ಕಾಡೆಂದರೆ ಪಿಸುಮಾತು ಎಂದು ಅನೇಕರು ನಂಬಿಕೊಂಡು ಬಂದಿರುತ್ತಾರೆ.

ನಡಿಗೆಗೆ ಅನುಮತಿಯಿರುವ, ಧಾಮದ ಹೊರಗಿನ ದಾರಿಗಳನ್ನಷ್ಟೇ ಬಳಸಿ, ಬಿಸಿಲು ಚೆನ್ನಾಗಿ ಏರಿದ ಮೇಲೆ ಹೊರಟು ಸಂಜೆಗೆ ಮುನ್ನವೇ ಹಿಂದಿರುಗಿ. ಹೆಚ್ಚು ಹೆದರಿದವರನ್ನು ಸಾಲಿನ ಕೊನೆಗೆ ಬಿಡದೆ ನಿಮ್ಮ ಹಿಂದೆಯೇ ಇರಿಸಿಕೊಂಡು, ತಿರುವು ಬಂದಾಗಲೆಲ್ಲ ಚಪ್ಪಾಳೆ ತಟ್ಟುವ ಕೆಲಸವನ್ನು ಅವರಿಗೆ ವಹಿಸಿ. ಕೈಗೊಂದು ಕೆಲಸ ಸಿಕ್ಕಿದೊಡನೆ ಅವರ ಮುಖದ ಬಿಗುವು ಸಡಿಲವಾಗುವುದನ್ನು ನಾನು ಪ್ರತಿ ಸಲವೂ ಕಂಡಿದ್ದೇನೆ. ಗುಹೆ, ಬಂಡೆಗಳ ಸಂದು ಕಂಡರೆ ಯಾರೂ ಇಣುಕಬಾರದು. ಹಗಲಿನಲ್ಲಿ ಕರಡಿ ಮಲಗುವುದು ಅಲ್ಲಿಯೇ.

ದಾರಿಯಲ್ಲಿ ಕೆದರಿದ ಹುತ್ತ ಸಿಕ್ಕರೆ ನಿಂತು ನೋಡಿ. ಒಡೆದ ಬಾಯಿಯನ್ನು ಗೆದ್ದಲುಗಳು ಹಸಿ ಮಣ್ಣಿನಿಂದ ಮುಚ್ಚಿಬಿಟ್ಟಿದ್ದರೆ ಕರಡಿ ಹೋಗಿ ಹೊತ್ತಾಗಿದೆ ಎಂದು ತಿಳಿಯಬಹುದು, ಆಗ ಮಣ್ಣಿನ ಮೇಲಿನ ಉಗುರಿನ ಗೀರುಗಳನ್ನು ಅವರಿಗೆ ತೋರಿಸಿ. ಬಾಯಿ ತೆರೆದೇ ಇದ್ದು, ಬಿಳಿ ಗೆದ್ದಲುಗಳು ಇನ್ನೂ ಗಾಬರಿಯಿಂದ ಹರಿದಾಡುತ್ತಿದ್ದರೆ ಕರಡಿ ಹತ್ತಿರದಲ್ಲಿಯೇ ಇರಬಹುದು. ಜೋರಾಗಿ ಮಾತನಾಡುತ್ತ ಬಂದ ದಾರಿಯಲ್ಲಿಯೇ ಹಿಂದಿರುಗಿ.

ಎದುರಾದರೆ ಏನು ಮಾಡಬೇಕೆಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು, ಹೊರಡುವ ಮುನ್ನ ಅಂಗಳದಲ್ಲಿ ಒಮ್ಮೆ ಮಾಡಿಸಿ. ಓಡಬಾರದು, ಮರ ಹತ್ತಬಾರದು, ಏಕೆಂದರೆ ಎರಡರಲ್ಲಿಯೂ ಕರಡಿ ನಮಗಿಂತ ಮುಂದು. ಎಲ್ಲರೂ ಒತ್ತಾಗಿ ನಿಂತು, ಅದರ ಕಡೆಗೇ ಮುಖ ಮಾಡಿ, ನಿಧಾನವಾಗಿ ಹಿಂದೆ ಸರಿಯಬೇಕು. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಬೆರಳುಗಳನ್ನು ಹೆಣೆದು ಕುತ್ತಿಗೆಯ ಹಿಂಭಾಗವನ್ನು ಮುಚ್ಚಿಕೊಳ್ಳಬೇಕು, ಬೆನ್ನಿನ ಚೀಲವನ್ನು ತೆಗೆಯಬಾರದು. ಕರಡಿ ಮುಖ ಮತ್ತು ತಲೆಗೆ ಹೆಚ್ಚು ಗಾಯ ಮಾಡುವುದರಿಂದ ಅವೆರಡನ್ನೂ ಕಾಪಾಡಿಕೊಳ್ಳುವುದು ಮುಖ್ಯ. ಗಾಯವಾದರೆ 108ಕ್ಕೆ ಕರೆ ಮಾಡಿ. ಗಾಯ ಸಣ್ಣದಾದರೂ ರೇಬಿಸ್ ಲಸಿಕೆಯನ್ನು ತಪ್ಪಿಸಬೇಡಿ.

ಇಷ್ಟೆಲ್ಲ ಆದ ಮೇಲೂ ಒಬ್ಬರು ಅರ್ಧ ದಾರಿಯಲ್ಲಿ ಸಾಕು ಎಂದರೆ, ಮರುಮಾತಿಲ್ಲದೆ ಇಡೀ ಗುಂಪನ್ನು ಹಿಂದಕ್ಕೆ ಕರೆತನ್ನಿ. ಅವರೊಬ್ಬರನ್ನೇ ಕಳುಹಿಸುವುದಾಗಲಿ, ಒಂದು ಕಡೆ ಕೂರಿಸಿ ಮುಂದೆ ಹೋಗುವುದಾಗಲಿ ಕೂಡದು. ಹೀಗೂ ಆಗಬಹುದೆಂದು ಹಣ ಪಡೆಯುವಾಗಲೇ ಎಲ್ಲರಿಗೂ ತಿಳಿಸಿರಿ, ಆಗ ಉಳಿದವರು ಅವರ ಮೇಲೆ ಮುನಿಸಿಕೊಳ್ಳುವುದಿಲ್ಲ.