ಕೆಲಸ, ಸೂರು, ವೀಸಾ ಒಂದೇ ಬಾಗಿಲಲ್ಲಿ

ಮಂಗಳೂರು ಕಡೆಯ ರೀಟಾ (ಹೆಸರು, ಕೆಲವು ವಿವರ ಬದಲಿಸಿದ್ದೇನೆ) ಇಸ್ರೇಲಿನಲ್ಲಿ ಹಾಸಿಗೆ ಹಿಡಿದ ವೃದ್ಧರೊಬ್ಬರ ಮನೆಯಲ್ಲೇ ಇದ್ದು ಆರೈಕೆ ಮಾಡುತ್ತಾರೆ. ರೀಟಾ ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡೆಂದು ಗುರುತಿಸಲಾದರೂ ತಾನು ಹೆಣ್ಣೆಂದೇ ಅರಿತವರು; ಪಾಸ್‌ಪೋರ್ಟಿನಲ್ಲಿರುವುದು ಗಂಡಸಿನ ಹೆಸರು. ಕರಾವಳಿಯಿಂದ ಕೇರ್‌ಗಿವರ್ ಕೆಲಸಕ್ಕೆ ಅಲ್ಲಿಗೆ ಹೋದವರು ಬಹಳ. ತಾನು ಹೆಣ್ಣೆಂಬ ಸುದ್ದಿ ಊರು ಮುಟ್ಟೀತೆಂದು ರೀಟಾ ಊರವರ ಪ್ರಾರ್ಥನಾ ಕೂಟವನ್ನೇ ಬಿಟ್ಟಿದ್ದರು. ಶನಿವಾರ ರಜೆ ಸಿಕ್ಕರೆ ಟೆಲ್ ಅವೀವ್ ಕೇಂದ್ರ ಬಸ್ ನಿಲ್ದಾಣದ ಹತ್ತಿರ, ಫಿಲಿಪಿನೋ ಟ್ರಾನ್ಸ್ ಗೆಳತಿಯರು ಸೇರಿ ಬಾಡಿಗೆಗೆ ಹಿಡಿದ ಕೋಣೆಗೆ ಹೋಗುತ್ತಾರೆ.

"ಮೇಡಂ, ಅವರ ಭಾಷೆ ನನಗೆ ಬರುವುದಿಲ್ಲ. ಆದ್ರೂ ಅಲ್ಲಿ ನಾನು ಹೆಂಗಸು ಅಂತ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಅಮ್ಮನ ಹತ್ರ ಮಾತಾಡುವಾಗ ಮಾತ್ರ ಮೋಸ ಮಾಡಿದ ಹಾಗೆ ಆಗ್ತದೆ."

ಮಗನಿಗೆ ಮದುವೆ ಮಾಡಬೇಕೆಂದು ಅಮ್ಮ ಹುಡುಗಿ ನೋಡುತ್ತಿದ್ದರು. ಅಮ್ಮನಿಗೂ ಮಾಲೀಕರಿಗೂ ಎಲ್ಲ ಹೇಳಿಬಿಡುತ್ತೇನೆ ಎಂಬ ಹಟದಲ್ಲಿ ರೀಟಾ ನನ್ನಲ್ಲಿ ಸಲಹೆ ಕೇಳಲು ಬಂದಿದ್ದರು.

ಹೇಳದಿರುವುದು ಮೋಸವಲ್ಲ ಎಂದೆ. ಆದರೆ ಒಂದನ್ನು ಮುಂದೂಡುವಂತಿಲ್ಲ. ಮದುವೆ ಬೇಡ ಎಂದು ಈ ವಾರವೇ ಹೇಳಿ, ಕಾರಣ ಕೊಡಬೇಕಿಲ್ಲ. ಅಲ್ಲಿರುವುದು ಇನ್ನೊಂದು ಹೆಣ್ಣಿನ ಬದುಕು.

ಮಾಲೀಕರ ವಿಷಯದಲ್ಲಿ ನಾನು ಇನ್ನೂ ಬಿಗಿಯಾಗಿದ್ದೆ. ಧೈರ್ಯವಾಗಿ ಹೇಳಿಬಿಡಿ ಎನ್ನುವ ಸಲಹೆ ಸ್ವಂತ ಮನೆಯಿದ್ದವರಿಗೆ ಸರಿ. ಇಲ್ಲಿ ಕೆಲಸ ಹೋದರೆ ಆ ರಾತ್ರಿಯೇ ಮಲಗುವ ಜಾಗವೂ ಹೋಗುತ್ತದೆ, ವೀಸಾ ಅಲುಗಾಡುತ್ತದೆ. ವಲಸೆ ಕಾರ್ಮಿಕರನ್ನು ಒಬ್ಬನೇ ಮಾಲೀಕನಿಗೆ ಕಟ್ಟಿಹಾಕುವುದು ಹಕ್ಕಿನ ಉಲ್ಲಂಘನೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಆದರೆ ಅಲ್ಲಿನ ವಲಸೆ ಕಾನೂನಿನ 2011ರ ತಿದ್ದುಪಡಿ ಆರೈಕೆ ಕೆಲಸದವರ ಮೇಲೆ ಮತ್ತೆ ಮಿತಿ ಹೇರಲು ದಾರಿ ಮಾಡಿತು. ಆದ್ದರಿಂದ ಮೊದಲು ಟೆಲ್ ಅವೀವ್‌ನ ಕಾರ್ಮಿಕ ಹಕ್ಕುಗಳ ಸಂಸ್ಥೆ ಕಾವ್ ಲಾಓವೆದ್‌ನಲ್ಲಿ ಕಾನೂನು ತಿಳಿದುಕೊಳ್ಳಿ, ಕೈಯಲ್ಲಿ ಕೆಲವು ತಿಂಗಳ ಖರ್ಚಿನ ಹಣವಿರಲಿ, ಗೆಳತಿಯರ ಕೋಣೆಯಲ್ಲಿ ನಿಮಗೊಂದು ಹಾಸಿಗೆ ಖಾತ್ರಿಯಾಗಲಿ ಎಂದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಗೆಂದು ಬಂದ ಭಾರತದ 2019ರ ಕಾಯ್ದೆಯಡಿ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಪಡೆಯಬಹುದು. ಆದರೆ ವೀಸಾ ಚಾಲ್ತಿಯಲ್ಲಿರುವಾಗ ವಕೀಲರನ್ನು ಕೇಳದೆ ಪಾಸ್‌ಪೋರ್ಟ್ ಬದಲಿಸಲು ಹೊರಡಬೇಡಿ.

ಮಾತಿನ ನಡುವೆ, ಗೆಳತಿ ಕೊಟ್ಟ ಹಾರ್ಮೋನ್ ಮಾತ್ರೆ ನುಂಗುತ್ತಿರುವುದೂ ಹೊರಬಿತ್ತು. ಅದರಲ್ಲಿರುವ ಹೆಣ್ಣು ಹಾರ್ಮೋನ್ ಈಸ್ಟ್ರೋಜೆನ್ ರಕ್ತ ಹೆಪ್ಪುಗಟ್ಟಿಸಬಲ್ಲದು, ಅದರಲ್ಲೂ ರೀಟಾ ಸಿಗರೇಟು ಸೇದುತ್ತಾರೆ. ಕೂಡಲೇ ವೈದ್ಯರನ್ನು ಕಾಣಿ ಎಂದೆ. ಟ್ರಾನ್ಸ್ ಆರೋಗ್ಯ ಬಲ್ಲ ವೈದ್ಯರಿಗಾಗಿ 1975ರಿಂದ ಇಸ್ರೇಲಿನಲ್ಲಿರುವ ಲೈಂಗಿಕ ಅಲ್ಪಸಂಖ್ಯಾತರ (ಎಲ್‌ಜಿಬಿಟಿ) ಸಂಘಟನೆ ಅಗುದಾವನ್ನು ಕೇಳಲು ಹೇಳಿದೆ.

ಮದುವೆಯ ಮಾತು ಈಗ ನಿಂತಿದೆ. ರೀಟಾ ಅಕ್ಕನಿಗೆ ಮಾತ್ರ ಹೇಳಿದ್ದಾರೆ; ಅಕ್ಕ ಅತ್ತರು, ಬೈದರು, ಫೋನ್ ಮಾಡುವುದನ್ನು ಬಿಡಲಿಲ್ಲ. ಅಮ್ಮನಿಗೆ ಯಾವಾಗ ಹೇಳುವುದೆಂದು ಇಬ್ಬರೂ ಸೇರಿ ಯೋಚಿಸುತ್ತಿದ್ದಾರೆ. ರಕ್ತ ಪರೀಕ್ಷೆಯ ವರದಿ ಬರಬೇಕಿದೆ.